ಸಿಟ್ಟು ಬಂತು ಅಂತ ಹೇಳೋಕೆ ಮಗುವಿಗೆ ಮಾತು ಬೇಕು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದರಿಂದ ಐದು ವರ್ಷದ ಮಕ್ಕಳ ಅಳು, ಹಠ, ಅಂಜಿಕೆ ಕುರಿತವು. ಬಹುತೇಕ ಎಲ್ಲರೂ ಕೇಳಿರುವುದು ‘ಅಳು ನಿಲ್ಲಿಸುವುದು ಹೇಗೆ’ ಎಂದು. ಅಳು ತಾನಾಗಿಯೇ ನಿಲ್ಲುತ್ತದೆ. ತನಗೆ ಏನಾಗುತ್ತಿದೆ ಎಂದು ಮಗುವಿಗೆ ತಿಳಿಯುವುದು ಮತ್ತು ಅದನ್ನು ಹೇಳಲು ಬರುವುದು ಮಾತ್ರ ತಾನಾಗಿ ಆಗುವುದಿಲ್ಲ, ಕಲಿಸಬೇಕಾಗುತ್ತದೆ. ನಮ್ಮ ಉತ್ತರಗಳು ಹೆಚ್ಚಾಗಿ ಆ ಕಡೆಗಿವೆ.

ಪ್ರಶ್ನೆ: ಮಗನಿಗೆ ಎರಡೂವರೆ ವರ್ಷ. ಅಂಗಡಿ ಮುಂದೆ ತೂಗುಹಾಕಿದ ಚಿಪ್ಸ್ ಪ್ಯಾಕೆಟ್ ಕಂಡರೆ ಸಾಕು, ನೆಲಕ್ಕೆ ಬಿದ್ದು ಹೊರಳಾಡುತ್ತಾನೆ. ಒಳ್ಳೆ ಮಾತಲ್ಲಿ ಎಷ್ಟು ಹೇಳಿದರೂ ಕೇಳುವುದಿಲ್ಲ. ಜನ ನೋಡುತ್ತಾರೆಂದು ಕೊನೆಗೆ ಕೊಡಿಸಿಬಿಡುತ್ತೇನೆ.
– ಒಬ್ಬ ತಾಯಿ, ತಿಪಟೂರು

ಉತ್ತರ: ಒಳ್ಳೆ ಮಾತು ಸರಿಯಾಗಿಯೇ ಇದೆ, ಅದನ್ನು ಹೇಳುವ ಹೊತ್ತು ತಪ್ಪಿದೆ. ಒಂದೂವರೆ ವರ್ಷಕ್ಕೆ ಶುರುವಾಗುವ ಇಂಥ ರಂಪ ಎರಡು–ಮೂರನೇ ವರ್ಷದಲ್ಲಿ ಹೆಚ್ಚು. ನಾಲ್ಕು ತುಂಬುವ ಹೊತ್ತಿಗೆ ಸಾಮಾನ್ಯವಾಗಿ ತಗ್ಗುತ್ತದೆ. ಆ ವಯಸ್ಸಿನಲ್ಲಿ ‘ಬೇಕು’ ಅನ್ನುವುದು ಚೆನ್ನಾಗಿ ಗೊತ್ತು; ಬೇಕೆನಿಸಿದ್ದನ್ನು ತಡೆದುಕೊಳ್ಳಲು ನೆರವಾಗುವ ಮೆದುಳಿನ ಮುಂಭಾಗ ಮಾತ್ರ ಇನ್ನೂ ಎಳಸು. ಅದು ಪೂರ್ತಿ ಬಲಿಯುವ ಹೊತ್ತಿಗೆ ವಯಸ್ಸು ಇಪ್ಪತ್ತೈದರ ಆಸುಪಾಸಿಗೆ ಬಂದಿರುತ್ತದೆ.

ಮುಂದಿನ ಸಲ ಅವನನ್ನು ಹತ್ತಿರದಿಂದ ಗಮನಿಸಿ. ಒಂದೇ ಅಳುವಿನಲ್ಲಿ ಎರಡು ಎಳೆ ಕಾಣುತ್ತವೆ. ಕಿರುಚುವುದು, ಒದೆಯುವುದು, ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸುವುದು ಸಿಟ್ಟು. ಅದು ಬೇಗ ಏರಿ ಬೇಗ ಇಳಿಯುತ್ತದೆ. ಬಿಕ್ಕುವುದು, ಮುಖ ಸಣ್ಣಗೆ ಮಾಡಿ ನಿಮ್ಮತ್ತ ವಾಲುವುದು ದುಃಖ. ಸಿಟ್ಟು ಇಳಿದ ಮೇಲೂ ಅದು ಉಳಿದಿರುತ್ತದೆ. ಸಿಟ್ಟು ಏರಿರುವಾಗ ನೀವು ಆಡುವ ಪ್ರತಿ ಮಾತೂ ಒಲೆಗೆ ಹಾಕಿದ ಸೌದೆ. ಬಿಕ್ಕಳಿಕೆ ಮಾತ್ರ ಉಳಿದಾಗ ಎತ್ತಿಕೊಂಡರೆ ತಾನಾಗಿ ಹೆಗಲ ಮೇಲೆ ತಲೆ ಇಡುತ್ತಾನೆ. ಈ ತಿರುವನ್ನು ಗುರುತಿಸುವುದನ್ನು ಕಲಿತರೆ ನಿಮಗೆ ಅರ್ಧ ಕೆಲಸ ಹಗುರ. ಮುಕ್ಕಾಲು ಪಾಲು ರಂಪಗಳು ಐದು ನಿಮಿಷದೊಳಗೆ ಮುಗಿಯುತ್ತವೆ, ನಡುಬೀದಿಯಲ್ಲಿ ಆ ಐದು ನಿಮಿಷ ಅರ್ಧ ಗಂಟೆಯಂತೆ ಕಂಡರೂ.

ಆ ಹೊತ್ತಿನಲ್ಲಿ ಮಾಡಬೇಕಾದದ್ದು ಇಷ್ಟು. ಅಂಗಡಿಯಿಂದ, ರಸ್ತೆಯಿಂದ ಹತ್ತು ಹೆಜ್ಜೆ ಆಚೆ ಎತ್ತಿಕೊಂಡು ಹೋಗಿ. ಕುಕ್ಕರಗಾಲಲ್ಲಿ ಕೂತು ನಿಮ್ಮ ಮುಖವನ್ನು ಅವನ ಮುಖದ ಮಟ್ಟಕ್ಕೆ ತನ್ನಿ. ‘ಚಿಪ್ಸ್ ಬೇಕಿತ್ತು, ಸಿಗಲಿಲ್ಲ. ಸಿಟ್ಟು ಬಂತು’ ಎಂದಷ್ಟೇ ಹೇಳಿ ಸುಮ್ಮನೆ ಕಾಯಿರಿ. ಹೊಡೆಯಲು ಬಂದರೆ ಕೈ ಮೆಲ್ಲಗೆ ಹಿಡಿದು ‘ಹೊಡೆಯೋಕೆ ಬಿಡಲ್ಲ’ ಅನ್ನಿ. ಕಿರುಚಾಟ ಬಿಕ್ಕಳಿಕೆಗೆ ಇಳಿದಾಗ ‘ಬಾ, ಎತ್ಕೊಳ್ಲಾ?’ ಎಂದು ಕೈಚಾಚಿ. ‘ಯಾಕೆ ಹೀಗ್ಮಾಡ್ದೆ?’ ಎಂದು ಕೇಳಬೇಡಿ. ಎರಡೂವರೆ ವರ್ಷದ ಮಗುವಿಗೆ ಅದರ ಉತ್ತರ ನಿಜಕ್ಕೂ ಗೊತ್ತಿರುವುದಿಲ್ಲ. ಬುದ್ಧಿಮಾತು ಹೇಳಲೇಬೇಕೆಂದಿದ್ದರೆ ಮನೆಗೆ ಬಂದು ನೀರು ಕುಡಿದು ಕೂತ ಮೇಲೆ ಎರಡು ವಾಕ್ಯ ಸಾಕು.

ಇನ್ನು ಕೊನೆಗೆ ಕೊಡಿಸಿಬಿಡುವ ವಿಷಯ. ಹತ್ತು ನಿಮಿಷ ಅತ್ತ ಮೇಲೆ ಕೊಡಿಸಿದರೆ, ಹತ್ತು ನಿಮಿಷ ಅತ್ತರೆ ಸಿಗುತ್ತದೆ ಎಂಬ ಪಾಠವಾಗುತ್ತದೆ. ಒಂದು ದಿನ ಕೊಟ್ಟು ಮೂರು ದಿನ ಕೊಡದಿದ್ದರೆ ಇನ್ನೂ ಕಷ್ಟ: ಇವತ್ತು ಸಿಕ್ಕೀತು ಅನ್ನುವ ಆಸೆಯೇ ಹಠವನ್ನು ಗಟ್ಟಿ ಮಾಡುತ್ತದೆ. ಕೊಡಿಸುವ ಮನಸ್ಸಿದ್ದರೆ ಅಳು ಶುರುವಾಗುವ ಮೊದಲೇ ‘ಹೂಂ’ ಅನ್ನಿ. ಇಲ್ಲ ಅಂದರೆ ಕೊನೆವರೆಗೂ ಇಲ್ಲ. ಹೀಗೆ ಶುರುಮಾಡಿದ ಮೊದಲ ಕೆಲವು ದಿನ ರಂಪ ಜಾಸ್ತಿಯೇ ಆಗುತ್ತದೆ. ಬಹಳ ಮಂದಿ ಕೈಬಿಡುವುದು ಅಲ್ಲೇ. ಹಾಗೆ ಜಾಸ್ತಿಯಾಗುವುದು ಹಳೆಯ ದಾರಿ ಮುಚ್ಚಿದೆ ಎಂದು ಮಗುವಿಗೆ ಗೊತ್ತಾಗತೊಡಗಿದ ಲಕ್ಷಣ.

ಹಸಿದ ಹೊಟ್ಟೆಯಲ್ಲಿ, ನಿದ್ದೆಗೆಟ್ಟ ಮಧ್ಯಾಹ್ನ ಅಂಗಡಿಗೆ ಕರೆದೊಯ್ಯಬೇಡಿ. ಅವನ ವಯಸ್ಸಿಗೆ ಹಗಲಿನದೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಅಂಗಡಿಯಲ್ಲಿ ಅವನಿಗೂ ಒಂದು ಕೆಲಸವಿರಲಿ: ಮೂರು ನಿಂಬೆಹಣ್ಣು ಆರಿಸಿ ಚೀಲಕ್ಕೆ ಹಾಕುವುದು. ನೋಡುವ ಜನ ಮನೆ ಸೇರುವಷ್ಟರಲ್ಲಿ ಮರೆತಿರುತ್ತಾರೆ.

ಪ್ರಶ್ನೆ: ನಾವು ಪುಣೆಯಲ್ಲಿದ್ದೇವೆ, ಮನೆಯಲ್ಲಿ ಕನ್ನಡ. ನಾಲ್ಕು ವರ್ಷದ ಮಗಳಿಗೆ ಶಾಲೆಯಲ್ಲಿ ‘ಹ್ಯಾಪಿ’, ‘ಸ್ಯಾಡ್’, ‘ಆಂಗ್ರಿ’ ಮುಖಗಳ ಚಾರ್ಟ್ ತೋರಿಸಿ ಕಲಿಸಿದ್ದಾರೆ. ಚಿತ್ರ ನೋಡಿ ಸರಿಯಾಗಿ ಹೇಳುತ್ತಾಳೆ. ತನಗೇ ಸಿಟ್ಟು ಬಂದಾಗ ಮಾತ್ರ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾಳೆ.
– ಒಬ್ಬ ತಂದೆ, ಪುಣೆ

ಉತ್ತರ: ಚಿತ್ರದ ಮುಖ ಗುರುತಿಸುವುದು ಬೇರೆ, ತನ್ನ ಮೈಯೊಳಗೆ ಆಗುತ್ತಿರುವುದನ್ನು ಗುರುತಿಸುವುದು ಬೇರೆ. ಚಾರ್ಟ್ ಮೊದಲನೆಯದನ್ನಷ್ಟೇ ಕಲಿಸುತ್ತದೆ. ಎರಡನೆಯದು ಮನೆಯಲ್ಲಿ, ಮನೆಮಾತಿನಲ್ಲಿ ಆಗಬೇಕಾದ ಕೆಲಸ.

ಇಲ್ಲಿ ಕನ್ನಡ ನಿಮ್ಮ ಪರವಾಗಿದೆ. ನಾವು ‘ನನಗೆ ಸಿಟ್ಟು ಬಂತು’ ಅನ್ನುತ್ತೇವೆ. ಸಿಟ್ಟು ಬರುತ್ತದೆ, ಏರುತ್ತದೆ, ಇಳಿಯುತ್ತದೆ, ಹೋಗುತ್ತದೆ. ಹೆದರಿಕೆ ಆಗುತ್ತದೆ, ಅಳು ಬರುತ್ತದೆ, ನಗು ಉಕ್ಕುತ್ತದೆ. ಭಾವನೆ ಬಂದು ಹೋಗುವ ನೆಂಟ, ತಾನೇ ಅದಲ್ಲ ಎಂಬ ತಿಳಿವಳಿಕೆ ವಾಕ್ಯದೊಳಗೇ ಕೂತಿದೆ. ‘ಇವಳು ಸಿಡುಕಿ’, ‘ಇವಳು ಹಠಮಾರಿ’ ಎಂದಾಗ ಆ ನೆಂಟನಿಗೆ ನಾವೇ ಮನೆ ಬರೆದುಕೊಟ್ಟಂತೆ. ‘ಸಿಟ್ಟು ಬಂದಿದೆ’ ಅನ್ನಿ. ಇಳಿದಾಗ ‘ಇಳೀತು ನೋಡು’ ಎನ್ನುವುದನ್ನು ಮರೆಯಬೇಡಿ. ಎಲ್ಲರೂ ಮರೆಯುವುದು ಈ ಎರಡನೇ ಮಾತನ್ನೇ.

ಮೈಯ ಗುರುತುಗಳೂ ನಮ್ಮ ಮಾತಿನಲ್ಲಿ ಸಿದ್ಧವಾಗಿವೆ: ಎದೆ ಡವಡವ, ಗಂಟಲು ಕಟ್ಟಿತು, ಮುಖ ಬಿಸಿಯಾಯಿತು, ಮೈ ಜುಮ್ಮೆಂದಿತು, ಹೊಟ್ಟೆಯೊಳಗೆ ತಳಮಳ. ‘ಮುಷ್ಟಿ ಬಿಗಿಯಾಗಿದೆ, ಹಲ್ಲು ಕಚ್ಕೊಂಡಿದೀಯ. ಸಿಟ್ಟು ಬರ್ತಿದ್ಯಾ?’ ಎಂದು ಅವಳು ಎಸೆಯುವ ಮೊದಲು ಹೇಳಿ. ಕೊನೆಯ ಪ್ರಶ್ನಾರ್ಥಕ ಮುಖ್ಯ. ಅದು ಹೆದರಿಕೆಯೋ ನಾಚಿಕೆಯೋ ಆಗಿರಬಹುದು, ‘ಇಲ್ಲ!’ ಅಂದರೆ ವಾದ ಬೇಡ. ನಿಮ್ಮದನ್ನೂ ಹೇಳಿಕೊಳ್ಳಿ: ‘ಸ್ಕೂಟರ್ ಸ್ಟಾರ್ಟ್ ಆಗ್ತಿಲ್ಲ, ನಂಗೆ ಕಿರಿಕಿರಿ ಆಗ್ತಿದೆ. ಎರಡು ನಿಮಿಷ ಸುಮ್ನೆ ನಿಂತ್ಕೋತೀನಿ.’

ಹೆಸರಿಡುವುದು ಬರೀ ಸಮಾಧಾನದ ಮಾತಲ್ಲ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟಿನ ಹಾಗೂ ಹೆದರಿಕೆಯ ಮುಖಗಳನ್ನು ಕಂಡಾಗ ಆ ಭಾವನೆಗೆ ಹೆಸರು ಆರಿಸಿದವರ ಮೆದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾದ ಚಟುವಟಿಕೆ ತಗ್ಗಿತ್ತು. ಅದು ದೊಡ್ಡವರ ಮೇಲೆ ನಡೆದ ಪ್ರಯೋಗ. ಮಕ್ಕಳಿಗೆ ಹೆಸರು ಮೊದಲು ನಮ್ಮ ಬಾಯಿಂದ ಬರಬೇಕು.

ಎರಡು–ಮೂರು ವರ್ಷಕ್ಕೆ ಖುಷಿ, ಸಿಟ್ಟು, ಹೆದರಿಕೆ, ಅಳು ಬರುವುದು – ಈ ನಾಲ್ಕು ಸಾಕು. ನಾಲ್ಕು ವರ್ಷ ದಾಟಿದ ಮೇಲೆ ನಾಚಿಕೆ, ನಿರಾಸೆ, ಗಾಬರಿ, ಅಸಹ್ಯ, ಹೊಟ್ಟೆಕಿಚ್ಚು ಸೇರಿಸಬಹುದು. ‘ಬೇಜಾರು’ ಎಂಬ ಪದದ ಬಗ್ಗೆ ಮಾತ್ರ ಎಚ್ಚರ. ಹೊತ್ತು ಹೋಗದಿದ್ದರೂ ಬೇಜಾರು, ಅಜ್ಜಿ ಊರಿಗೆ ಹೋದರೂ ಬೇಜಾರು, ಆಟದಲ್ಲಿ ಸೋತರೂ ಬೇಜಾರು. ಮಗು ಹಾಗೆಂದಾಗ ಬಿಡಿಸಿ ಕೇಳಿ: ‘ಆಡೋಕೆ ಯಾರೂ ಇಲ್ಲ ಅಂತಾನಾ, ಸೋತೆ ಅಂತಾನಾ?’

ಸ್ಲೇಟು, ಬಳಪ ಇದ್ದರೆ ಚಾರ್ಟ್ ಬೇಕಿಲ್ಲ. ಒಂದು ಗುಂಡು, ಎರಡು ಚುಕ್ಕೆ ಕಣ್ಣು, ಅಡ್ಡಗೆರೆ ಬಾಯಿ ಬರೆಯಿರಿ. ಆಮೇಲೆ ಬರೀ ಹುಬ್ಬು ಬದಲಿಸಿ. ಮೂಗಿನ ಕಡೆಯ ತುದಿ ಕೆಳಗಿಳಿದರೆ ಸಿಟ್ಟು. ಅದೇ ತುದಿ ಮೇಲೆದ್ದರೆ ದುಃಖ. ಎರಡು ಹುಬ್ಬೂ ಇಡಿಯಾಗಿ ಮೇಲೇರಿದರೆ ಬೆರಗು. ಬಾಯಿ ಒಂದೇ ಇದ್ದರೂ ಮುಖ ಬದಲಾಗುವುದನ್ನು ಕಂಡು ಮಕ್ಕಳು ಕುಣಿಯುತ್ತಾರೆ. ಒರೆಸಿ ಅವಳ ಕೈಗೆ ಬಳಪ ಕೊಡಿ. ಕರಾವಳಿಯ ನಂಟಿದ್ದರೆ ಯಕ್ಷಗಾನದ ಬಣ್ಣದ ವೇಷದ ಹುಬ್ಬನ್ನೂ ತೋರಿಸಬಹುದು. ಭರತನ ನಾಟ್ಯಶಾಸ್ತ್ರ ಹೇಳುವ ಎಂಟು ಸ್ಥಾಯಿಭಾವಗಳಲ್ಲಿ, ಅಂದರೆ ಮನಸ್ಸಿನಲ್ಲಿ ನೆಲೆನಿಂತ ಮೂಲ ಭಾವನೆಗಳಲ್ಲಿ, ಕ್ರೋಧ, ಭಯ, ಶೋಕ, ಜುಗುಪ್ಸೆಗಳು ರತಿ, ಹಾಸ, ಉತ್ಸಾಹ, ವಿಸ್ಮಯಗಳ ಸಾಲಿನಲ್ಲೇ ಕೂತಿವೆ. ಕೆಟ್ಟದ್ದೆಂದು ಯಾವುದನ್ನೂ ಹೊರಗಿಟ್ಟಿಲ್ಲ.

ಉಸಿರಾಟವನ್ನು ಮಗು ನಗುನಗುತ್ತಾ ಇರುವಾಗ ಕಲಿಸಿ. ದೀಪ ಊದುವುದು ನಮ್ಮ ಮನೆಗಳಲ್ಲಿ ಒಗ್ಗದು, ಬಿಸಿ ಸಾರು ಆಡೋಣ. ಬೊಗಸೆಯೇ ಬಟ್ಟಲು. ಮೂಗಿನಿಂದ ಒಗ್ಗರಣೆಯ ಘಮ ಎಳೆದುಕೊಂಡು, ತುಟಿ ಚೂಪು ಮಾಡಿ ‘ಆರಲಿ, ಆರಲಿ’ ಎಂದು ಉದ್ದಕ್ಕೆ ಊದುವುದು, ಐದು ಸಲ. ಒಳಗೆಳೆದದ್ದಕ್ಕಿಂತ ಹೊರಬಿಡುವ ಉಸಿರು ಉದ್ದವಿರಬೇಕು. ಎದೆಬಡಿತ ನಿಧಾನವಾಗುವುದು ಉಸಿರು ಹೊರಬಿಡುವಾಗ. ಒಂದೆರಡು ವಾರ ದಿನಾ ಆಡಿದ ಮೇಲಷ್ಟೇ ಸಿಟ್ಟಿನ ಹೊತ್ತಿನಲ್ಲಿ ‘ಸಾರು ಆರಿಸೋಣ್ವಾ?’ ಅನ್ನಿ. ಮೊದಲ ಸಲವೇ ಸಿಟ್ಟಿನ ನಡುವೆ ಕಲಿಸಹೊರಟರೆ ಅವಳು ಬಟ್ಟಲನ್ನೂ ಎಸೆಯುತ್ತಾಳೆ.

ಪ್ರಶ್ನೆ: ಮಗ ಬಿದ್ದರೆ ನಮ್ಮ ಅತ್ತೆಯವರು ನೆಲಕ್ಕೆ ಹೊಡೆದು ‘ನೆಲಕ್ಕ ಎರಡು ಏಟು ಕೊಟ್ಟೆ ನೋಡು’ ಅನ್ನುತ್ತಾರೆ. ಅತ್ತರೆ ‘ಗಂಡಹುಡುಗ ಆಗಿ ಅಳ್ತೀಯೇನು’, ಉಣ್ಣದಿದ್ದರೆ ‘ಗುಮ್ಮ ಬರ್ತಾನ, ಡಾಕ್ಟರ್ ಸೂಜಿ ಚುಚ್ತಾರ’. ಹಿರಿಯರಿಗೆ ಹೇಳುವುದು ಹೇಗೆ?
– ಒಬ್ಬ ಸೊಸೆ, ಹುಬ್ಬಳ್ಳಿ

ಉತ್ತರ: ಮೂರೂ ಪ್ರೀತಿಯಿಂದಲೇ ಬಂದವು, ಮೂರಕ್ಕೂ ತೊಡಕಿದೆ. ನೆಲಕ್ಕೆ ಹೊಡೆದಾಗ ಮಗು ಕಲಿಯುವುದು ನೋವಾದರೆ ಯಾರಿಗಾದರೂ ತಿರುಗಿ ಹೊಡೆಯಬೇಕು ಎಂದು. ನಾಳೆ ಆ ಏಟು ತಂಗಿಗೆ ಬೀಳುತ್ತದೆ. ಡಾಕ್ಟರ್ ಹೆಸರಲ್ಲಿ ಹೆದರಿಸಿದರೆ ಜ್ವರ ಬಂದ ದಿನ ಬಾಯಿ ತೆರೆಸುವುದೇ ಕಷ್ಟ. ಪೊಲೀಸ್ ಹೆಸರಲ್ಲಿ ಹೆದರಿಸಿದರೆ ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು ಪೊಲೀಸರನ್ನು ಕಂಡು ಅಡಗಿಕೊಳ್ಳುತ್ತದೆ. ಎರಡು–ಮೂರು ವರ್ಷಕ್ಕೆ ಕಲ್ಪನೆ ಬಲಿಯತೊಡಗುತ್ತದೆ, ಗುಮ್ಮ ಅವನಿಗೆ ನಿಜವಾಗಿಯೂ ಬಾಗಿಲ ಹಿಂದೆ ಇದ್ದಾನೆ. ಅಳಬಾರದೆಂದು ಕೇಳಿ ಬೆಳೆದ ಹುಡುಗನಲ್ಲಿ ಅಳು ಇಲ್ಲವಾಗುವುದಿಲ್ಲ. ಅದು ಸಿಟ್ಟಾಗಿ ಹೊರಬರುತ್ತದೆ, ಏಕೆಂದರೆ ಸಿಟ್ಟಿಗೆ ಮಾತ್ರ ಅವನಿಗೆ ಅನುಮತಿ ಇದೆ.

ಹಿರಿಯರಿಗೆ ‘ಹಾಗನ್ನಬೇಡಿ’ ಎಂದರೆ ಕೆಲಸ ಕೆಡುತ್ತದೆ. ಬದಲಿಗೆ ಆಡುವ ಮಾತನ್ನೂ ಮಾಡುವ ಕೆಲಸವನ್ನೂ ಅವರ ಕೈಗೇ ಕೊಡಿ: ‘ಅತ್ತೀ, ನಿಮ್ಮ ತೊಡಿ ಮ್ಯಾಲೆ ಮಲಗಿದ್ರ ಅಂವ ಲಗೂನ ಸುಮ್ಮನಾಗ್ತಾನ. ಎಲ್ಲಿ ನೋವಾತು ಅಂತ ಕೇಳಿ ಒಂಚೂರು ಸವರ್ರಿ.’ ನೆಲದ ಬದಲು ಮೊಣಕಾಲಿನತ್ತ ಗಮನ ಹೋಯಿತು, ಅಜ್ಜಿಯ ಮಾನವೂ ಉಳಿಯಿತು.

ಪ್ರಶ್ನೆ: ಹದಿನಾಲ್ಕು ತಿಂಗಳ ಮಗು ಜೋರಾಗಿ ಅತ್ತು ಉಸಿರು ಕಟ್ಟಿಬಿಡುತ್ತದೆ, ತುಟಿ ನೀಲಿಗಟ್ಟಿ ಮೈ ಸಡಿಲವಾಗುತ್ತದೆ. ಆ ಹೆದರಿಕೆಗೆ ಕೇಳಿದ್ದೆಲ್ಲ ಕೊಟ್ಟುಬಿಡುತ್ತೇವೆ.
– ಸಿಂಧನೂರಿನಿಂದ

ಉತ್ತರ: ನೀವು ಬರೆದದ್ದು ಅಳುವಿನಲ್ಲಿ ಉಸಿರು ಹಿಡಿಯುವ ತೊಂದರೆಯಂತೆ ಕಾಣುತ್ತದೆ. ಆರು ತಿಂಗಳಿಂದ ಆರು ವರ್ಷದವರೆಗೆ ಕಾಣಿಸುವ ಇದು ಬೇಕೆಂದು ಮಾಡುವ ಆಟವಲ್ಲ, ತಾನಾಗಿ ಆಗುವಂಥದ್ದು. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಉಸಿರು ಮರಳುತ್ತದೆ. ಮಗುವನ್ನು ನೆಲದ ಮೇಲೆ ಪಕ್ಕಕ್ಕೆ ಮಲಗಿಸಿ, ಸುತ್ತಲಿನ ಗಟ್ಟಿ ವಸ್ತು ಸರಿಸಿ, ಗಡಿಯಾರ ನೋಡಿ. ಕುಲುಕುವುದು, ಮುಖಕ್ಕೆ ನೀರು ಎರಚುವುದು, ಬಾಯಿಗೆ ನೀರು, ಬೆರಳು ಅಥವಾ ಚಮಚ ಹಾಕುವುದು ಬೇಡ.

ಆದರೂ ಒಮ್ಮೆ ಮಕ್ಕಳ ವೈದ್ಯರಿಗೆ ತೋರಿಸಲೇಬೇಕು, ಅದೂ ತಡಮಾಡದೆ. ಕಬ್ಬಿಣಾಂಶದ ಕೊರತೆಗೂ ಇದಕ್ಕೂ ನಂಟಿದೆ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಇತ್ತು. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶದ ಸಿರಪ್ ವಾರಕ್ಕೆ ಎರಡು ಸಲ 1 ಮಿ.ಲೀ.; ಅದು ತಡೆಗಟ್ಟುವ ಪ್ರಮಾಣ. ಕೊರತೆ ಇದ್ದರೆ ಎಷ್ಟು ಕೊಡಬೇಕೆಂದು ವೈದ್ಯರು ಹೇಳುತ್ತಾರೆ. ಹಸುವಿನ ಹಾಲು ದಿನಕ್ಕೆ ಅರ್ಧ ಲೀಟರ್ ದಾಟದಿರಲಿ. ಹಾಲಲ್ಲೇ ಹೊಟ್ಟೆ ತುಂಬಿದ ಮಗು ಊಟ ಬಿಡುತ್ತದೆ, ಕಬ್ಬಿಣಾಂಶ ಇನ್ನೂ ಇಳಿಯುತ್ತದೆ. ಮುಖ ನೀಲಿಯ ಬದಲು ಬಿಳಿಚಿಕೊಂಡರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ ತೀರಿಕೊಂಡಿದ್ದರೆ ಅದನ್ನು ವೈದ್ಯರಿಗೆ ಮರೆಯದೆ ಹೇಳಿ, ಇಸಿಜಿ ಬೇಕಾಗಬಹುದು. ಒಂದು ನಿಮಿಷ ದಾಟಿದರೂ ಎಚ್ಚರವಾಗದಿದ್ದರೆ ತಕ್ಷಣ ಆಸ್ಪತ್ರೆಗೆ ಹೊರಡಿ.

ಕೇಳಿದ್ದೆಲ್ಲ ಕೊಡುವುದರಿಂದ ಉಸಿರು ಕಟ್ಟುವುದು ನಿಲ್ಲುವುದಿಲ್ಲ. ಕತ್ತರಿ ಬೇಕೆಂದು ಅತ್ತರೆ ‘ಕತ್ತರಿ ಇಲ್ಲ’ ಎನ್ನುತ್ತಲೇ ಚಮಚ ಕೈಗಿಡಿ. ಈ ವಯಸ್ಸಿಗೆ ಗಮನ ಬೇರೆಡೆ ಸೆಳೆಯುವುದು ತಪ್ಪಲ್ಲ.

ಪ್ರಶ್ನೆ: ಬಾಣಂತನಕ್ಕೆ ತವರಿಗೆ ಬಂದು ಎರಡು ತಿಂಗಳು. ಮೂರೂವರೆ ವರ್ಷದ ದೊಡ್ಡ ಮಗಳು ಪಾಪುವಿನ ಕೆನ್ನೆ ಗಿಲ್ಲುತ್ತಾಳೆ, ‘ಆಸ್ಪತ್ರೆಗೆ ವಾಪಸ್ ಕೊಡು’ ಅನ್ನುತ್ತಾಳೆ. ಚಡ್ಡಿಯಲ್ಲಿ ಉಚ್ಚೆ ಮಾಡುವುದು ಮತ್ತೆ ಶುರುವಾಗಿದೆ.
– ಹಾಸನದಿಂದ

ಉತ್ತರ: ಆ ಮಗು ಒಟ್ಟಿಗೇ ಏನೇನು ಕಳೆದುಕೊಂಡಿದೆ ನೋಡಿ: ಅಪ್ಪ, ತನ್ನ ಮನೆ, ತನ್ನ ಹಾಸಿಗೆ, ಕೊನೆಗೆ ನಿಮ್ಮ ಮಡಿಲು. ನೋಡಲು ಬಂದವರೆಲ್ಲ ನೇರ ತೊಟ್ಟಿಲಿಗೆ ಹೋಗುತ್ತಾರೆ. ‘ಹೊಟ್ಟೆಕಿಚ್ಚು’ ನಮ್ಮಲ್ಲಿ ಬೈಗುಳವೂ ಹೌದು, ಆದ್ದರಿಂದ ಈಗ ಆ ಪದ ಬೇಡ. ‘ಅಮ್ಮ ನಂಗೊಬ್ಬಳಿಗೇ ಬೇಕು ಅನ್ಸುತ್ತಾ?’ ಎಂದು ಕೇಳಿ. ಹೂಂ ಎಂದರೆ ‘ಅನ್ಸುತ್ತೆ ಕಂದ. ಗಿಲ್ಲೋಕೆ ಬಿಡಲ್ಲ. ಹಾಗನ್ಸಿದಾಗ ನನ್ನ ಸೆರಗು ಎಳಿ’ ಅನ್ನಿ. ಎಳೆದಾಗ, ಕೈ ತುಂಬ ಕೆಲಸವಿದ್ದರೂ, ಒಮ್ಮೆ ತಿರುಗಿ ನೋಡಲೇಬೇಕು. ಇಲ್ಲವಾದರೆ ಮತ್ತೆ ಗಿಲ್ಲುವುದಕ್ಕೆ ಹೋಗುತ್ತಾಳೆ.

ಪಾಪುವಿಗೆ ಎಣ್ಣೆ–ನೀರು ಆಗಿ ನಿದ್ದೆ ಹತ್ತಿದ ಮೇಲೆ ದಿನವೂ ಅದೇ ಹೊತ್ತಿಗೆ ಹತ್ತು ನಿಮಿಷ ಅವಳಿಗಷ್ಟೇ ಕೊಡಿ. ಆಟ ಅವಳೇ ಆರಿಸಲಿ, ಫೋನ್ ದೂರ ಇರಲಿ. ‘ಪಾಪು ಮಲಗಿದೆ, ಸದ್ದು ಮಾಡಬೇಡ’ ಎಂದು ದಿನಕ್ಕೆ ಇಪ್ಪತ್ತು ಸಲ ಕೇಳುವ ಅವಳ ಕಿವಿಗೆ ಒಮ್ಮೆಯಾದರೂ ‘ಪಾಪು, ಸ್ವಲ್ಪ ತಡಿ, ಅಕ್ಕಂಗೆ ಜಡೆ ಹಾಕ್ತಿದೀನಿ’ ಎಂಬ ಮಾತು ಬೀಳಲಿ. ಸಂಜೆ ಅಪ್ಪ ವಿಡಿಯೊ ಕಾಲ್ ಮಾಡಿದಾಗ ಮೊದಲು ಅವಳ ದಿನದ ಸುದ್ದಿ ಕೇಳಲಿ, ಆಮೇಲೆ ಪಾಪುವಿನದು. ಇಬ್ಬರನ್ನೇ ಕೋಣೆಯಲ್ಲಿ ಬಿಡಬೇಡಿ. ಚಡ್ಡಿ ಒದ್ದೆಯಾದರೆ ಬೈಯದೆ ಬದಲಿಸಿ. ಉರಿ, ಜ್ವರ ಇದ್ದರೆ ಮೂತ್ರ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಅಳುವಾಗ ಮೊಬೈಲ್ ಕೊಟ್ಟರೆ ಕ್ಷಣದಲ್ಲಿ ಸುಮ್ಮನಾಗುತ್ತದೆ. ಇದರಲ್ಲಿ ತಪ್ಪೇನು?
– ಬಳ್ಳಾರಿಯಿಂದ

ಉತ್ತರ: ಕ್ಷಣದಲ್ಲಿ ಸುಮ್ಮನಾಗುವುದೇ ತೊಡಕು. ಏರಿದ ಸಿಟ್ಟಿನಿಂದ ತಾನೇ ಇಳಿದುಬರುವ ಅಭ್ಯಾಸ ಮಗುವಿಗೆ ಆಗುವುದೇ ಇಲ್ಲ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆಯಂತೆ ಎರಡು ವರ್ಷದೊಳಗೆ ಸ್ಕ್ರೀನ್ ಬೇಡ, ಎರಡರಿಂದ ಐದಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು. ಆ ಒಂದು ಗಂಟೆಯೂ ಅಳುವಿಗೆ ಔಷಧಿಯಾಗದಿರಲಿ.

ಪ್ರಶ್ನೆ: ಎರಡು ವರ್ಷ ಮೂರು ತಿಂಗಳ ಮಗ ಅಂಗನವಾಡಿಯಲ್ಲಿ ಎಲ್ಲರನ್ನೂ ಕಚ್ಚುತ್ತಾನೆ. ಮಾತು ಐದಾರು ಪದ ಅಷ್ಟೇ. ಗಂಡುಮಕ್ಕಳಿಗೆ ಮಾತು ತಡ ಅನ್ನುತ್ತಾರೆ.
– ದಾವಣಗೆರೆ ಜಿಲ್ಲೆಯಿಂದ

ಉತ್ತರ: ಕಾಯಬೇಡಿ. ಎರಡು ತುಂಬಿದ ಮಗು ‘ಅಮ್ಮ ಬಾ’, ‘ಹಾಲು ಬೇಕು’ ಎಂದು ಎರಡು ಪದ ಜೋಡಿಸಬೇಕು. ಹೇಳಲು ಮಾತಿಲ್ಲದ ಮಗುವಿಗೆ ಹಲ್ಲೇ ಮಾತು. ಮೊದಲು ಕಿವಿ ಪರೀಕ್ಷೆ ಆಗಲಿ. ಜಿಲ್ಲಾ ಆಸ್ಪತ್ರೆಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿಯ ಶೀಘ್ರ ಮಧ್ಯಸ್ಥಿಕೆ ಕೇಂದ್ರ (ಮಕ್ಕಳ ಬೆಳವಣಿಗೆಯ ತೊಡಕುಗಳನ್ನು ಬೇಗ ಗುರುತಿಸಿ ನೆರವಾಗುವ ಜಾಗ) ಎಲ್ಲಿದೆ ಎಂದು ಕೇಳಿ. ಅಂಗನವಾಡಿಗೆ ಬರುವ ಆರೋಗ್ಯ ತಂಡವೂ ಅಲ್ಲಿಗೆ ಚೀಟಿ ಬರೆದುಕೊಡುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇದೆ. ಅಲ್ಲಿಯವರೆಗೆ ‘ಕೊಡು’, ‘ಬೇಡ’, ‘ನಂದು’ ಎಂಬ ಮೂರಕ್ಕೆ ಕೈಸನ್ನೆ ಕಲಿಸಿ, ಸನ್ನೆಯ ಜೊತೆ ಪದವನ್ನೂ ಹೇಳಿ.

ಮಾತು ಬಂದ ಮಕ್ಕಳ ವಿಷಯದಲ್ಲೂ, ರಂಪ ಪದೇ ಪದೇ 25 ನಿಮಿಷ ದಾಟುತ್ತಿದ್ದರೆ, ತಲೆ ಚಚ್ಚಿಕೊಂಡು ಗಾಯ ಮಾಡಿಕೊಳ್ಳುತ್ತಿದ್ದರೆ, ಕಲಿತ ಮಾತು ಮರೆಯುತ್ತಿದ್ದರೆ ತಜ್ಞರಿಗೆ ತೋರಿಸಿ.

ಪ್ರಶ್ನೆ: ಮಾವನವರು ತೀರಿಕೊಂಡು ತಿಂಗಳಾಯಿತು. ನಾಲ್ಕು ವರ್ಷದ ಮಗನಿಗೆ ‘ತಾತ ಮಲಗಿದ್ದಾರೆ, ದೇವರ ಊರಿಗೆ ಹೋದರು’ ಎಂದಿದ್ದೆವು. ಈಗ ರಾತ್ರಿ ಮಲಗಲು ಒಪ್ಪುವುದಿಲ್ಲ, ಯಾರು ಊರಿಗೆ ಹೊರಟರೂ ಅಳುತ್ತಾನೆ.
– ಶಿವಮೊಗ್ಗದಿಂದ

ಉತ್ತರ: ಅವನು ನಿಮ್ಮ ಮಾತನ್ನು ಅಕ್ಷರಶಃ ನಂಬಿದ್ದಾನೆ. ಮಲಗಿದವರು ಏಳಲಿಲ್ಲ, ಊರಿಗೆ ಹೋದವರು ಬರಲಿಲ್ಲ. ಸಾವು ಹಿಂತಿರುಗದ್ದು ಎಂಬ ತಿಳಿವು ಈ ವಯಸ್ಸಿಗೆ ಇರುವುದಿಲ್ಲ, ಹಾಗಾಗಿ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಅದೇ ಉತ್ತರ ಕೊಡಿ: ‘ತಾತ ಸತ್ತುಹೋದರು. ಅವರ ಮೈ ಕೆಲಸ ನಿಲ್ಲಿಸಿತು. ಉಸಿರಾಡಲ್ಲ, ನೋವಾಗಲ್ಲ, ವಾಪಸ್ ಬರಲ್ಲ. ನಿದ್ದೆ ಬೇರೆ, ನಿದ್ದೆ ಮಾಡಿದವರು ಏಳ್ತಾರೆ.’ ‘ಸತ್ತರು’ ಎಂಬ ಪದ ಮಗುವಿನೆದುರು ಒರಟೆನಿಸಬಹುದು, ಆದರೂ ಅದೇ ಸ್ಪಷ್ಟ. ದೇವರ ಮಾತು ನಿಮ್ಮ ನಂಬಿಕೆಯಾದರೆ ಇದರ ನಂತರ ಸೇರಿಸಿ. ಅವನ ಮುಂದೆ ನಿಮಗೆ ಅಳು ಬಂದರೆ ಒಳಗೆ ಓಡಬೇಡಿ, ‘ತಾತ ನೆನಪಾದರು, ಅಳು ಬಂತು’ ಅನ್ನಿ. ಐದು ನಿಮಿಷ ಅತ್ತು ಆರನೇ ನಿಮಿಷಕ್ಕೆ ಅವನು ಆಡಲು ಓಡಿದರೆ ತಾತನನ್ನು ಮರೆತನೆಂದಲ್ಲ. ಮಕ್ಕಳು ದುಃಖಿಸುವುದು ಹಾಗೆಯೇ, ತುಣುಕು ತುಣುಕಾಗಿ.

ಪ್ರಶ್ನೆ: ಇದೆಲ್ಲ ಗೊತ್ತು. ಆದರೂ ಸಂಜೆ ಕೆಲಸದಿಂದ ಬಂದು ಅವಳು ರಚ್ಚೆ ಹಿಡಿದರೆ ಹೊಡೆದುಬಿಡುತ್ತೇನೆ. ರಾತ್ರಿ ಮಲಗಿದ ಮುಖ ನೋಡಿ ಅಳುತ್ತೇನೆ.
– ಒಬ್ಬ ತಾಯಿ, ಬೆಂಗಳೂರು

ಉತ್ತರ: ಮಲಗಿದ ಮೇಲೆ ಅತ್ತದ್ದು ಅವಳಿಗೆ ಕಾಣಲಿಲ್ಲ. ಎಚ್ಚರವಿರುವಾಗ ಹೇಳಿ: ‘ನಂಗೆ ಸಿಟ್ಟು ಬಂತು, ಹೊಡೆದೆ. ಹೊಡೆದದ್ದು ನನ್ನ ತಪ್ಪು. ನೋವಾಯ್ತಾ?’ ‘ಆದರೆ ನೀನೂ ಹಾಗೆ ಮಾಡಿದ್ದಕ್ಕೆ’ ಎಂದು ಸೇರಿಸಿದರೆ ಕೇಳಿದ ಕ್ಷಮೆ ಅಲ್ಲಿಗೆ ಮುಗಿಯಿತು. ಚಾಕ್ಲೇಟ್ ಕೊಟ್ಟು ಸರಿದೂಗಿಸಬೇಡಿ. ಹೀಗೆ ಒಪ್ಪಿಕೊಳ್ಳುವುದನ್ನು ನೋಡಿಯೇ ಅವಳೂ ಸಿಟ್ಟಿಗೆ ಮಾತು ಕೊಡುವುದನ್ನು ಕಲಿಯುತ್ತಾಳೆ.

ನಿಮ್ಮ ಕಷ್ಟದ ಗಂಟೆ ಯಾವುದೆಂದು ನಿಮಗೇ ಗೊತ್ತಿದೆ: ಕೆಲಸದಿಂದ ಬಂದ ಮೊದಲ ಅರ್ಧ ಗಂಟೆ. ಆಗ ಇಬ್ಬರಿಗೂ ಹಸಿವು. ಅಡುಗೆಗೆ ಕೈಹಾಕುವ ಮೊದಲು ಇಬ್ಬರೂ ಕೂತು ಬಾಳೆಹಣ್ಣೋ ಚಪಾತಿಯ ಸುರುಳಿಯೋ ತಿನ್ನಿ. ಕೈ ಎತ್ತುವಂತಾದರೆ ಮಗುವನ್ನು ಸುರಕ್ಷಿತ ಜಾಗದಲ್ಲಿ ಕೂರಿಸಿ, ‘ಅಮ್ಮಂಗೆ ಸಿಟ್ಟು ಬಂದಿದೆ, ಮುಖ ತೊಳ್ಕೊಂಡು ಬರ್ತೀನಿ’ ಎಂದು ಬಚ್ಚಲಿಗೆ ಹೋಗಿ ತಣ್ಣೀರು ಹಾಕಿಕೊಳ್ಳಿ, ಮತ್ತು ಹೇಳಿದಂತೆ ವಾಪಸ್ ಬನ್ನಿ. ಹೆಚ್ಚಿನ ರಾತ್ರಿಗಳು ಅಳುವಿನಲ್ಲೇ ಮುಗಿಯುತ್ತಿದ್ದರೆ, ನಿದ್ದೆ ಬಾರದಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು.